ಚಿರತೆ ಹಲ್ಲಿಯ ಬಿಳುಪು: ಚೌಕದ ಲೆಕ್ಕ ತಪ್ಪುವುದೆಲ್ಲಿ?

2021ರ ಜೂನ್ ತಿಂಗಳಲ್ಲಿ 'ಪ್ಲಾಸ್ ಜೆನೆಟಿಕ್ಸ್' ಎಂಬ ಸಂಶೋಧನ ನಿಯತಕಾಲಿಕದಲ್ಲಿ ಸಾಕುಹಲ್ಲಿಯೊಂದರ ಬಿಳಿ ಬಣ್ಣವನ್ನು ಕುರಿತ ಪ್ರಬಂಧವೊಂದು ಪ್ರಕಟವಾಯಿತು. ಬರೆದವರು ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಂಗ್‌ಹುವಾ ಗುವೊ, ಲಿಯೊನಿಡ್ ಕ್ರುಗ್ಲ್ಯಾಕ್ ಮತ್ತು ಸಂಗಡಿಗರು. 'ಲೆಮನ್ ಫ್ರಾಸ್ಟ್' ಎಂಬ ಮೋಹಕ ಹೆಸರಿನಿಂದ ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದ ಒಂದು ತಳಿಯ ಹಲ್ಲಿಗಳಿಗೆ ಚರ್ಮದ ಗಂತಿಗಳು ಏಕೆ ಬರುತ್ತವೆ ಎಂಬುದು ಅದರ ವಿಷಯ. ನಾನು ಜೀವವಿಜ್ಞಾನಿಯಲ್ಲ. ಬೆಳಕಿನ ಪ್ರತಿಫಲನವನ್ನು ಪಾಠ ಹೇಳುವವನಿಗೆ ಹಲ್ಲಿಯ ಚರ್ಮದೊಳಗಿನ ಹರಳುಗಳ ಬಗ್ಗೆ ಇರುವ ಕುತೂಹಲದಿಂದ ಆ ಪ್ರಬಂಧವನ್ನು ಓದಲು ತೊಡಗಿದೆ. ಓದುತ್ತ ಹೋದಂತೆ ಹರಳಿಗಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು ಸಂಗತಿ. ನಾವು ಹತ್ತನೆಯ ತರಗತಿಯಿಂದಲೇ ಕಲಿಸುವ ಪನೆಟ್ ಚೌಕವನ್ನು ಈ ಹಲ್ಲಿ ಸಾಕಣೆದಾರರು ನಮ್ಮ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಬಲ್ಲರು. ಆದರೂ ಮರಿಗಳು ಅವರ ನಿರೀಕ್ಷೆಯನ್ನು ಮತ್ತೆ ಮತ್ತೆ ಸುಳ್ಳು ಮಾಡಿವೆ. ತಪ್ಪು ಚೌಕದ್ದೇ, ಅದನ್ನು ಬಳಸುವ ರೀತಿಯದೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಪ್ರಬಂಧದ ವಿಮರ್ಶೆಯೂ ಅದರ ಜೊತೆಯಲ್ಲೇ ಬರುತ್ತದೆ.

ಮೊದಲು ಪ್ರಾಣಿಯ ಪರಿಚಯ. ಚಿರತೆ ಹಲ್ಲಿಯ ಶಾಸ್ತ್ರೀಯ ನಾಮ ಯೂಬ್ಲಿಫಾರಿಸ್ ಮ್ಯಾಕ್ಯುಲೇರಿಯಸ್. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುನೆಲ ಅದರ ತವರು. 1854ರಲ್ಲಿ ಎಡ್ವರ್ಡ್ ಬ್ಲೈತ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ. ನಮ್ಮ ಗೋಡೆಯ ಹಲ್ಲಿಗೆ ಮುಚ್ಚಿ ತೆರೆಯುವ ರೆಪ್ಪೆ ಇಲ್ಲ, ಇದಕ್ಕೆ ಇದೆ. ಗೋಡೆ ಹತ್ತುವ ಅಂಟುಪಾದ ನಮ್ಮದಕ್ಕೆ ಇದೆ, ಇದಕ್ಕಿಲ್ಲ. ಮರಿಯಲ್ಲಿ ಕಪ್ಪು ಹಳದಿ ಪಟ್ಟೆಗಳಿದ್ದು, ಬೆಳೆದಂತೆ ಪಟ್ಟೆಗಳು ಒಡೆದು ಚಿರತೆಯ ಚುಕ್ಕೆಗಳಾಗುತ್ತವೆ. ಅಮೆರಿಕ ಮತ್ತು ಯೂರೋಪಿನಲ್ಲಿ ಇದು ಹಲವು ದಶಕಗಳಿಂದ ಮನೆಯೊಳಗಿನ ಸಾಕುಪ್ರಾಣಿ. ಹೆಣ್ಣು ಒಂದು ಸಲಕ್ಕೆ ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡುತ್ತದೆ. ಋತುವಿನಲ್ಲಿ ಹಲವು ಸಲ ಇಡುತ್ತದೆ. ಒಂದು ವರ್ಷದೊಳಗೆ ಮರಿ ತಾನೇ ಸಂತಾನಕ್ಕೆ ಸಿದ್ಧ. ಹೀಗಾಗಿ ಅಡುಗೆಮನೆಯ ಕಪಾಟಿನಷ್ಟು ಜಾಗದಲ್ಲಿ ಮೆಂಡೆಲನ ಬಟಾಣಿ ತೋಟವನ್ನೇ ನಡೆಸಬಹುದು. ಅನೇಕರು ನಡೆಸಿದ್ದಾರೆ.

ಅವರಿಗೆ ಎದುರಾದ ಮೊದಲ ಒಗಟು ಬಿಳಿಚಿನದು. ಮೆಲನಿನ್ ಎಂಬ ಕಪ್ಪು ವರ್ಣಕ ತಯಾರಾಗದ ಹಲ್ಲಿ ಆಲ್ಬಿನೋ. ಈ ಗುಣ ದುರ್ಬಲ. ಅಂದರೆ ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣುತ್ತದೆ. ಚೌಕದ ಪ್ರಕಾರ ಎರಡು ಆಲ್ಬಿನೋಗಳನ್ನು ಕೂಡಿಸಿದರೆ ಹುಟ್ಟುವುದೆಲ್ಲ ಆಲ್ಬಿನೋ ಆಗಿರಬೇಕು, ನೂರಕ್ಕೆ ನೂರು. ಹಾಗೆ ಕೂಡಿಸಿದ ಕೆಲವರಿಗೆ ಸಿಕ್ಕಿದ್ದು ಎಲ್ಲವೂ ಮಾಮೂಲು ಕಪ್ಪುಚುಕ್ಕೆಯ ಮರಿಗಳು! ನೂರರ ಬದಲು ಸೊನ್ನೆ.

ಕಾರಣ ತಿಳಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಮೆಲನಿನ್ ತಯಾರಿಕೆ ಒಂದೇ ಹೆಜ್ಜೆಯ ಕೆಲಸವಲ್ಲ. ಮೊದಲ ಹೆಜ್ಜೆ ಕೆಟ್ಟರೂ ಮೂರನೆಯದು ಕೆಟ್ಟರೂ ಕೊನೆಗೆ ಕಪ್ಪು ಬರುವುದಿಲ್ಲ. ಒಂದು ಹಲ್ಲಿಯಲ್ಲಿ ಕೆಟ್ಟಿರುವ ಜೀನು ಇನ್ನೊಂದರಲ್ಲಿ ಸರಿಯಾಗಿದ್ದರೆ ಮರಿಗೆ ಎರಡರದ್ದೂ ಒಂದೊಂದು ಒಳ್ಳೆಯ ಪ್ರತಿ ದೊರೆಯುತ್ತದೆ, ಕಪ್ಪು ಮರಳುತ್ತದೆ. ಚಿರತೆ ಹಲ್ಲಿಯ ಸಾಕಣೆಯಲ್ಲಿ ಟ್ರೆಂಪರ್, ರೇನ್‌ವಾಟರ್, ಬೆಲ್ ಎಂಬ ಮೂರು ಆಲ್ಬಿನೋ ತಳಿಗಳಿವೆ. ಒಂದರೊಡನೆ ಇನ್ನೊಂದನ್ನು ಕೂಡಿಸಿದರೆ ಮಾಮೂಲು ಬಣ್ಣದ ಮರಿಗಳೇ ಹುಟ್ಟುತ್ತವೆ. ಯಾವ ಪ್ರಯೋಗಾಲಯವೂ ಇಲ್ಲದೆ, ಡಿಎನ್‌ಎಯ ಒಂದಕ್ಷರವನ್ನೂ ಓದದೆ, ಇವು ಮೂರು ಬೇರೆ ಬೇರೆ ದೋಷಗಳೆಂದು ಹವ್ಯಾಸಿಗಳು ಕಂಡುಕೊಂಡರು. ಇದು ಶುದ್ಧವಾದ ವಿಜ್ಞಾನವೇ. ಕಳೆದ ಶತಮಾನದ ಆರಂಭದಲ್ಲಿ ಕೇಂಬ್ರಿಜ್‌ನ ಬೇಟ್‌ಸನ್ ಮತ್ತು ಇದೇ ಪನೆಟ್ ಎರಡು ಬಿಳಿ ಹೂವಿನ ಸಿಹಿಬಟಾಣಿ ಗಿಡಗಳನ್ನು ಕೂಡಿಸಿ ನೇರಳೆ ಹೂವು ಪಡೆದದ್ದೂ, ಮುಂದಿನ ತಲೆಮಾರಿನಲ್ಲಿ 9 ನೇರಳೆಗೆ 7 ಬಿಳಿ ಎಂಬ ಅನುಪಾತ ಕಂಡದ್ದೂ ಇದೇ ಬಗೆಯ ಫಲಿತಾಂಶ. ಮನುಷ್ಯರಲ್ಲೂ ಇದು ಕಂಡಿದೆ. 1952ರಲ್ಲಿ ಬ್ರಿಟನ್ನಿನ ನೇತ್ರವೈದ್ಯ ಟ್ರೆವರ್-ರೋಪರ್, ಇಬ್ಬರೂ ಬಿಳಿಚು ಇರುವ ದಂಪತಿಗೆ ಮಾಮೂಲು ಬಣ್ಣದ ಮಕ್ಕಳಾದುದನ್ನು ವರದಿ ಮಾಡಿದರು. ಇಂಥ ಮನೆಯಲ್ಲಿ ಪಠ್ಯಪುಸ್ತಕದ ಚೌಕವನ್ನು ಮಾತ್ರ ಬಲ್ಲ ನೆಂಟನೊಬ್ಬನಿದ್ದರೆ ಆ ತಾಯಿ ಎಂಥ ಮಾತು ಕೇಳಬೇಕಾಗುತ್ತದೆಂದು ಊಹಿಸಿ.

ಇಲ್ಲಿ ನನ್ನ ಮೊದಲ ಆಕ್ಷೇಪ ನಮ್ಮ ಬೋಧನೆಯ ಮೇಲೆ. ಪಠ್ಯಪುಸ್ತಕದಲ್ಲಿ ಪ್ರಶ್ನೆ ಆರಂಭವಾಗುವುದೇ 'ಎ ದೊಡ್ಡಕ್ಷರ, ಎ ಸಣ್ಣಕ್ಷರ' ಎಂದು. ಅಕ್ಷರಗಳನ್ನು ಕೊಟ್ಟ ಮೇಲೆ ಉಳಿಯುವುದು ಗುಣಾಕಾರ ಮಾತ್ರ. ನಿಜವಾದ ಪ್ರಾಣಿಯ ಮೈಮೇಲೆ ಅಕ್ಷರ ಬರೆದಿರುವುದಿಲ್ಲ. ಯಾವ ಅಕ್ಷರ, ಎಷ್ಟು ಅಕ್ಷರ ಎಂಬುದನ್ನು ಮರಿಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಕಂಡುಹಿಡಿಯಬೇಕು. ವಿದ್ಯುನ್ಮಂಡಲದ ಚಿತ್ರ ಕೊಟ್ಟು ಪ್ರವಾಹ ಕೇಳುವುದು ಸುಲಭ. ಮುಚ್ಚಿದ ಡಬ್ಬಿಯ ಎರಡು ತಂತಿಗಳನ್ನು ಕೈಗೆ ಕೊಟ್ಟು ಒಳಗೇನಿದೆ ಎಂದು ಕೇಳಿದರೆ ಪಾಠದ ಪರೀಕ್ಷೆಯಾಗುತ್ತದೆ. ತಳಿವಿಜ್ಞಾನದಲ್ಲಿ ನಾವು ಎಂದೂ ಡಬ್ಬಿಯನ್ನು ಕೊಡುವುದಿಲ್ಲ. 'ಪ್ರಬಲ', 'ದುರ್ಬಲ' ಎಂಬ ನಮ್ಮ ಕನ್ನಡ ಪಾರಿಭಾಷಿಕಗಳೂ ಸ್ವಲ್ಪ ದಾರಿ ತಪ್ಪಿಸುತ್ತವೆ. ದುರ್ಬಲವೆಂದರೆ ಕ್ಷೀಣಿಸುತ್ತ ಹೋಗುವಂಥದು ಎಂದು ವಿದ್ಯಾರ್ಥಿ ತಿಳಿಯುತ್ತಾನೆ. ಅದು ಅಡಗಿರುತ್ತದೆಯೇ ಹೊರತು ಕ್ಷೀಣಿಸುವುದಿಲ್ಲ. 'ವ್ಯಕ್ತ', 'ಗುಪ್ತ' ಎಂದಿದ್ದರೆ ವಾಸಿಯಾಗುತ್ತಿತ್ತು.

ಮಿಶ್ರ ಮಾಡಿದ ಮೇಲೆ ಮುಂದೇನಾಗುತ್ತದೆ? ಎರಡು ಜೀನುಗಳು ಬೇರೆ ಬೇರೆ ವರ್ಣತಂತುಗಳಲ್ಲಿವೆ ಎಂದುಕೊಂಡರೆ, ಮಾಮೂಲು ಬಣ್ಣದ ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಸರಾಸರಿ 16ಕ್ಕೆ 9 ಮಾಮೂಲು, 7 ಆಲ್ಬಿನೋ. ಆ ಏಳರಲ್ಲಿ ಮೂರು ಮೊದಲ ತಳಿಯವು, ಮೂರು ಎರಡನೆಯದರವು, ಒಂದು ಎರಡೂ ದೋಷವಿರುವುದು. ಕಣ್ಣಿಗೆ ಮಾತ್ರ ಎಲ್ಲವೂ ಹೆಚ್ಚುಕಡಿಮೆ ಒಂದೇ ರೀತಿ. ಇವನ್ನು 'ಆಲ್ಬಿನೋ' ಎಂದಷ್ಟೇ ಹೇಳಿ ಮಾರಿದರೆ ಕೊಂಡವನ ಚೌಕಗಳೆಲ್ಲ ಮುಂದಿನ ಹತ್ತು ವರ್ಷ ಸುಳ್ಳಾಗುತ್ತವೆ. ಬಲ್ಲ ಸಾಕಣೆದಾರರು ತಳಿಗಳನ್ನು ಬೆರೆಸಬಾರದೆಂದು ಕಟ್ಟುನಿಟ್ಟಾಗಿ ಹೇಳುವುದು ಈ ಕಾರಣಕ್ಕೆ. ಅಜ್ಜಿಯ ಹೆಸರು ಗೊತ್ತಿಲ್ಲದೆ ಮೊಮ್ಮಗಳ ಬಣ್ಣ ಹೇಳಬಾರದು.

ಇನ್ನು ಶೇಕಡ ಲೆಕ್ಕದ ಚೀಟಿ. ಹಲ್ಲಿ ಮಾರಾಟಗಾರರು ಮಾಮೂಲಾಗಿ ಕಾಣುವ ಮರಿಗೆ '66 ಶೇಕಡ ವಾಹಕ' ಎಂದು ಚೀಟಿ ಹಚ್ಚುತ್ತಾರೆ. ಇದರ ಮೂಲ ಸರಿಯಾಗಿದೆ. ಎರಡು ವಾಹಕಗಳ ಮರಿಗಳಲ್ಲಿ ನಾಲ್ಕಕ್ಕೆ ಒಂದು ಆಲ್ಬಿನೋ. ಉಳಿದ ಮೂರರಲ್ಲಿ ಎರಡು ವಾಹಕ. ಆದ್ದರಿಂದ ಮೂರರಲ್ಲಿ ಎರಡು ಸಂಭಾವ್ಯತೆ. ಆದರೆ ಹಲ್ಲಿಯ ಮೈಯಲ್ಲಿ ಮೂರರಲ್ಲಿ ಎರಡು ಪಾಲು ವಾಹಕತ್ವ ಎಂಬುದೇನೂ ಇಲ್ಲ. ಅದು ವಾಹಕ ಅಥವಾ ವಾಹಕವಲ್ಲ. 66 ಎಂಬ ಸಂಖ್ಯೆ ಇರುವುದು ನಮ್ಮ ಅಜ್ಞಾನದಲ್ಲಿ. ಅಜ್ಞಾನ ಕಡಿಮೆಯಾದಂತೆ ಸಂಖ್ಯೆಯೂ ಬದಲಾಗಬೇಕು. ಆ ಹಲ್ಲಿಯನ್ನು ಅದೇ ತಳಿಯ ಆಲ್ಬಿನೋದೊಡನೆ ಕೂಡಿಸಿದಾಗ ನಾಲ್ಕು ಮರಿಗಳಾಗಿ ನಾಲ್ಕೂ ಮಾಮೂಲು ಬಣ್ಣದವಾದವು ಎನ್ನೋಣ. ಅದು ವಾಹಕವಾಗಿದ್ದರೆ ಹೀಗಾಗುವ ಸಂಭಾವ್ಯತೆ 16ರಲ್ಲಿ 1. ವಾಹಕವಲ್ಲದಿದ್ದರೆ ಹೀಗೇ ಆಗಬೇಕು. ಮೂರರಲ್ಲಿ ಎರಡನ್ನು ಹದಿನಾರರಲ್ಲಿ ಒಂದರಿಂದ ಗುಣಿಸಿದರೆ 24ರಲ್ಲಿ 1. ಇನ್ನೊಂದು ಕಡೆ ಮೂರರಲ್ಲಿ ಒಂದು, ಅಂದರೆ 24ರಲ್ಲಿ 8. ಈಗ ವಾಹಕವಾಗಿರುವ ಸಂಭಾವ್ಯತೆ 9ರಲ್ಲಿ 1, ಸುಮಾರು 11 ಶೇಕಡ. ಚೀಟಿಯಲ್ಲಿ ಮಾತ್ರ 66 ಹಾಗೇ ಉಳಿದಿರುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ.

ವಿರುದ್ಧ ದಿಕ್ಕಿನ ತಪ್ಪೂ ಅಷ್ಟೇ ಸಾಮಾನ್ಯ. ಎರಡು ವಾಹಕಗಳಿಂದ ಎಂಟು ಮರಿಗಳಾಗಿ ಒಂದೂ ಆಲ್ಬಿನೋ ಆಗದಿದ್ದರೆ 'ನನಗೆ ಮೋಸವಾಯಿತು' ಎಂದು ಕೊಂಡವನು ಕೂಗುತ್ತಾನೆ. ನಾಲ್ಕರಲ್ಲಿ ಮೂರನ್ನು ಎಂಟು ಸಲ ಗುಣಿಸಿ ನೋಡಿ: 0.10. ಹತ್ತು ಪ್ರಾಮಾಣಿಕ ಮಾರಾಟಗಳಲ್ಲಿ ಒಂದು ಹೀಗಾಗುವುದು ಸಹಜ. ಹದಿನಾರು ಮರಿಗಳ ತನಕ ಕಾದರೆ ಅದು ನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಎರಡೇ ಮೊಟ್ಟೆ ಇಡುವ ಪ್ರಾಣಿಯಲ್ಲಿ ಹದಿನಾರು ಮರಿಗಳ ತಾಳ್ಮೆ ಯಾರಿಗಿದೆ?

ಇದನ್ನು ಬರೀ ಹಲ್ಲಿಯ ಶೋಕಿಯ ವಿಷಯವೆಂದು ಬದಿಗಿಡುವಂತಿಲ್ಲ. ಕುಡುಗೋಲು ಕಣ ರಕ್ತಹೀನತೆಯ ನಿರ್ಮೂಲನಕ್ಕೆ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು; ಕರ್ನಾಟಕವೂ ಅದರ ವ್ಯಾಪ್ತಿಯಲ್ಲಿದೆ. ತಪಾಸಣೆಯಾದವರಿಗೆ ಅವರು ವಾಹಕರೇ ಅಲ್ಲವೇ ಎಂಬುದನ್ನು ತಿಳಿಸುವ ಕಾರ್ಡು ಕೊಡುವುದು ಅದರ ಒಂದು ಅಂಗ. ಇಬ್ಬರೂ ವಾಹಕರಾದ ದಂಪತಿಗೆ 'ನಾಲ್ಕರಲ್ಲಿ ಒಂದು' ಎಂದು ಹೇಳಿದಾಗ, ಮೊದಲ ಮಗುವಿಗೆ ರೋಗ ಬಂದಿದ್ದರೆ ಮುಂದಿನ ಮೂರು ಮಕ್ಕಳು ಸುರಕ್ಷಿತವೆಂದು ಅವರು ಅರ್ಥ ಮಾಡಿಕೊಂಡರೆ ಅದು ಅವರ ತಪ್ಪಲ್ಲ. ನಾಲ್ಕು ಮನೆಗಳ ಚೌಕವನ್ನು ಬರೆದು ತೋರಿಸಿದವರು ನಾಲ್ಕು ಮಕ್ಕಳ ಚಿತ್ರವನ್ನೇ ತೋರಿಸಿದಂತಾಗಿದೆ. ಪ್ರತಿ ಗರ್ಭವೂ ಹೊಸದಾಗಿ ಚಿಮ್ಮಿದ ನಾಣ್ಯ. ಹಿಂದಿನದರ ನೆನಪು ಅದಕ್ಕಿಲ್ಲ. ಚೌಕದ ಮನೆಗಳು ಮಕ್ಕಳಲ್ಲ, ಸಾಧ್ಯತೆಗಳು ಎಂಬ ಒಂದು ವಾಕ್ಯ ನಮ್ಮ ಪಠ್ಯಗಳಲ್ಲಿ ದಪ್ಪಕ್ಷರದಲ್ಲಿ ಇರಬೇಕಿತ್ತು.

ಹಲ್ಲಿಗೆ ಮರಳೋಣ. ಎಲ್ಲ ಅನಿರೀಕ್ಷಿತಗಳನ್ನೂ ಜೀನುಗಳ ತಲೆಗೆ ಕಟ್ಟುವುದೂ ಸರಿಯಲ್ಲ. ಚಿರತೆ ಹಲ್ಲಿಯಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮೊಟ್ಟೆಗೆ ಸಿಕ್ಕ ಶಾಖ. ಟೆಕ್ಸಾಸ್ ವಿಶ್ವವಿದ್ಯಾಲಯದ ಡೇವಿಡ್ ಕ್ರ್ಯೂಸ್ ಮತ್ತು ಸಹೋದ್ಯೋಗಿಗಳು ಇದನ್ನು ವರ್ಷಗಟ್ಟಲೆ ಅಭ್ಯಸಿಸಿದರು. 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. 30 ಡಿಗ್ರಿಯಲ್ಲಿ ಸುಮಾರು ಕಾಲುಭಾಗ ಗಂಡು. 32.5ರಲ್ಲಿ ಮುಕ್ಕಾಲು ಭಾಗ ಗಂಡು. 34ಕ್ಕೆ ಏರಿಸಿದರೆ ಮತ್ತೆ ಬಹುತೇಕ ಹೆಣ್ಣುಗಳೇ. ಏರಿ ಇಳಿಯುವ ಈ ವಕ್ರರೇಖೆ ಭೌತವಿಜ್ಞಾನಿಗೆ ಬಹಳ ಹಿತವಾದದ್ದು. ಆದರೆ ಶೋಕಿಗಾರನಿಗೆ ಬಲೆ. 26 ಡಿಗ್ರಿಯ ಪೆಟ್ಟಿಗೆಯಲ್ಲಿ ಮರಿ ಮಾಡಿಸಿದವನು 'ಈ ಹೊಸ ಬಣ್ಣ ಹೆಣ್ಣಿಗೆ ಮಾತ್ರ ಬರುತ್ತದೆ, ಲಿಂಗ ವರ್ಣತಂತುವಿನಲ್ಲಿರಬೇಕು' ಎಂದು ತೀರ್ಮಾನಿಸಿದರೆ, ಅವನು ಅಳೆದದ್ದು ಜೀನನ್ನಲ್ಲ, ತನ್ನ ಉಷ್ಣತಾ ನಿಯಂತ್ರಕವನ್ನು. ಅತಿ ಶಾಖದಲ್ಲಿ ಹುಟ್ಟಿದ ಹೆಣ್ಣುಗಳು ತಂಪಿನಲ್ಲಿ ಹುಟ್ಟಿದವಕ್ಕಿಂತ ಜಗಳಗಂಟಿಗಳು ಎಂಬುದನ್ನೂ ಕ್ರ್ಯೂಸ್ ಗುಂಪು ತೋರಿಸಿತು. ಸ್ವಭಾವವೂ ಮೊಟ್ಟೆಪೆಟ್ಟಿಗೆಯಿಂದಲೇ ಬರಬಹುದು.

ಇದರ ಮೇಲೆ ಹೆಣ್ಣು ಹಲ್ಲಿ ವೀರ್ಯವನ್ನು ದೇಹದಲ್ಲಿ ಕಾಪಿಟ್ಟುಕೊಳ್ಳಬಲ್ಲದು. ಒಮ್ಮೆ ಗಂಡಿನೊಡನೆ ಕೂಡಿದ ಮೇಲೆ ಹಲವು ಸಲ ಫಲಿತ ಮೊಟ್ಟೆ ಇಡುತ್ತದೆ. ಈ ತಿಂಗಳು ಬಿಟ್ಟ ಗಂಡು ಬೇರೆ, ಈ ತಿಂಗಳ ಮೊಟ್ಟೆಯ ತಂದೆ ಬೇರೆ ಆಗಿರಬಹುದು. ಮೇಲೆ ಮಾಡಿದ ನನ್ನ 9ರಲ್ಲಿ 1ರ ಲೆಕ್ಕವೂ ಆಗ ಕುಸಿಯುತ್ತದೆ. ಚುಕ್ಕೆಗಳ ವಿಷಯದಲ್ಲಂತೂ ಜೀನು, ಶಾಖ ಎರಡೂ ಒಂದೇ ಆಗಿದ್ದರೂ ಚಿತ್ತಾರ ಒಂದೇ ಆಗಬೇಕಿಲ್ಲ. ಬೆಳವಣಿಗೆಯ ವೇಳೆ ಕೋಶಗಳ ನಡುವೆ ಆಗುವ ಆಕಸ್ಮಿಕ ಏರುಪೇರು ಎಷ್ಟು ವೈವಿಧ್ಯ ತರಬಲ್ಲದು ಎಂಬುದನ್ನು ಅಳೆಯಲು 2019ರಲ್ಲಿ ಒಂದು ಗುಂಪು ಇದೇ ಹಲ್ಲಿಯ ತಲೆಯ ಚುಕ್ಕೆಗಳನ್ನು ಆರಿಸಿಕೊಂಡಿತು.

ಈಗ ಲೆಮನ್ ಫ್ರಾಸ್ಟ್. ಒಬ್ಬ ಸಾಕಣೆದಾರರಲ್ಲಿ ತಾನಾಗಿಯೇ ಕಾಣಿಸಿಕೊಂಡ ಉತ್ಪರಿವರ್ತನೆಯಿದು. 'ಮಿಸ್ಟರ್ ಫ್ರಾಸ್ಟಿ' ಎಂದು ಹೆಸರಾದ ಒಂದು ಗಂಡು ಇಡೀ ಸಂತತಿಯ ಮೂಲಪುರುಷ. ಅದರ ಮೈಬಣ್ಣ ನಿಂಬೆಹಣ್ಣಿಗೆ ಹಿಮ ಲೇಪಿಸಿದಂತೆ. ಉತ್ಪರಿವರ್ತಿತ ಜೀನಿನ ಒಂದು ಪ್ರತಿಯಿದ್ದರೆ ಲೆಮನ್ ಫ್ರಾಸ್ಟ್. ಎರಡಿದ್ದರೆ ಇನ್ನೂ ಬಿಳುಪು, ಚರ್ಮವೂ ದಪ್ಪ. ಎರಡಿರುವುದನ್ನು ಶೋಕಿಗಾರರು 'ಸೂಪರ್' ಎಂದು ಕರೆದರು. ಒಂದಕ್ಕೊಂದು, ಎರಡಕ್ಕೆರಡು ಎಂಬಂತಿರುವ ಇಂಥ ಗುಣ ಅರೆಪ್ರಬಲ. ಚೌಕ ಇಲ್ಲಿ ಸೊಗಸಾಗಿ ಕೆಲಸ ಮಾಡಿತು. ಮಾಮೂಲು ಹೆಣ್ಣಿಗೆ ಕೂಡಿಸಿದರೆ ಅರ್ಧ ಮರಿಗಳು ನಿಂಬೆ ಬಣ್ಣದವು. ಒಂದೇ ಗಂಡಿನಿಂದ ಎಷ್ಟು ಬೇಗ ತಳಿಯನ್ನು ಹೆಚ್ಚಿಸಬಹುದೆಂದು ಲೆಕ್ಕ ಹಾಕುವುದು ಕಷ್ಟವಲ್ಲ.

ಆ ಬಿಳುಪು ಏನು? ಹಲ್ಲಿಯ ಚರ್ಮದಲ್ಲಿ ಮೇಲೆ ಹಳದಿ ವರ್ಣಕವಿರುವ ಕೋಶಗಳು, ತಳದಲ್ಲಿ ಕಪ್ಪು ಮೆಲನಿನ್ ಇರುವ ಕೋಶಗಳು. ನಡುವೆ ಇರಿಡೊಫೋರ್ ಎಂಬ ಕೋಶಗಳು. ಇವುಗಳಲ್ಲಿ ವರ್ಣಕವಿಲ್ಲ, ಗ್ವಾನಿನ್‌ನ ತೆಳು ಹರಳು ತಟ್ಟೆಗಳ ಅಡುಕು ಇದೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್ ಇದೇ. ಮೀನಿನ ಹೊಟ್ಟೆಯ ಬೆಳ್ಳಿ ಹೊಳಪೂ ಇದರದೇ. ಹರಳಿನ ವಕ್ರೀಭವನಾಂಕ ಸುಮಾರು 1.83, ಸುತ್ತಲಿನ ಕೋಶದ್ರವದ್ದು ಸುಮಾರು 1.33. ಒಂದು ಮೇಲ್ಮೈಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ಹಿಂದಿರುಗುವುದು, ಈ ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ವರ್ಗ ಮಾಡಿದಷ್ಟು: ಕೇವಲ 2.5 ಶೇಕಡ. ಆದರೆ ತಟ್ಟೆಗಳು ಐವತ್ತಾದರೆ ಮೇಲ್ಮೈಗಳು ನೂರು. ಅಡ್ಡಾದಿಡ್ಡಿ ಅಂತರದಲ್ಲಿ ಜೋಡಿಸಿದ್ದರಿಂದ ವ್ಯತಿಕರಣ ನಡೆಯದು ಎಂದು ಭಾವಿಸಿ ಕೂಡಿಸಿದರೆ ಸುಮಾರು 70 ಶೇಕಡ ಬೆಳಕು ಹಿಂದಿರುಗುತ್ತದೆ, ಎಲ್ಲ ತರಂಗದೂರಗಳಲ್ಲೂ ಒಂದೇ ರೀತಿ. ಅದೇ ಬಿಳಿ. ತಟ್ಟೆಗಳನ್ನು ಒಂದೇ ಅಂತರದಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ್ದರೆ ನೀಲಿಯೋ ಹಸಿರೋ ಬರುತ್ತಿತ್ತು. ಗೋಸುಂಬೆ ಬಣ್ಣ ಬದಲಿಸುವುದು ಈ ಅಂತರವನ್ನು ಹಿಗ್ಗಿಸಿ ಕುಗ್ಗಿಸಿ ಎಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಹಳದಿ ಗಾಜಿನ ಕೆಳಗೆ ಕಪ್ಪು ಬಟ್ಟೆಯ ಬದಲು ಬಿಳಿ ಕಾಗದ ಇಟ್ಟು ನೋಡಿ. ನಿಂಬೆಯ ಮೆರುಗು ಅರ್ಥವಾಗುತ್ತದೆ.

ಲೆಮನ್ ಫ್ರಾಸ್ಟ್ ಹಲ್ಲಿಯಲ್ಲಿ ಈ ಬಿಳಿ ಕೋಶಗಳು ಹೆಚ್ಚು. ಹೆಚ್ಚು ಎಂಬಲ್ಲಿಗೇ ನಿಲ್ಲುವುದಿಲ್ಲ ಎಂಬುದೇ ಕಷ್ಟ. ಪ್ರಬಂಧದ ಪ್ರಕಾರ ಇಂಥ ಹಲ್ಲಿಗಳಲ್ಲಿ 80 ಶೇಕಡಕ್ಕೂ ಹೆಚ್ಚಿನವಕ್ಕೆ ಚರ್ಮದಲ್ಲಿ ಬಿಳಿ ಗಂತಿಗಳು ಬೆಳೆಯುತ್ತವೆ. ಮೊಟ್ಟೆಯೊಡೆದ ಆರು ತಿಂಗಳಿಂದ ಐದು ವರ್ಷದೊಳಗೆ. ಕೊಯ್ದು ನೋಡಿದರೆ ಗಂತಿಯ ತುಂಬ ಇರಿಡೊಫೋರ್ ಕೋಶಗಳು. ಬೆಲೆ ತಂದ ಬಿಳುಪು ಯಾವ ಕೋಶದಿಂದ ಬಂತೋ ಗಂತಿಯೂ ಅದೇ ಕೋಶದ್ದು.

ಗುವೊ ಮತ್ತು ಕ್ರುಗ್ಲ್ಯಾಕ್ ಸಾಕಣೆದಾರರ ಸಂಗ್ರಹದಲ್ಲಿದ್ದ ಕುಟುಂಬಗಳ ಡಿಎನ್‌ಎಯನ್ನು ಪರಿಶೀಲಿಸಿದರು. (ಕ್ರುಗ್ಲ್ಯಾಕ್ ಡಾಕ್ಟರೇಟ್ ಪಡೆದದ್ದು ಭೌತವಿಜ್ಞಾನದಲ್ಲಿ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಇಲ್ಲಿ ಸೇರಿಸುತ್ತೇನೆ.) ಬಿಳುಪಿನ ಜೊತೆಯಲ್ಲಿ ಯಾವ ಡಿಎನ್‌ಎ ತುಣುಕು ತಪ್ಪದೆ ಸಾಗುತ್ತದೆಂದು ಹುಡುಕಿದಾಗ ಒಂದೇ ಒಂದು ನೆಲೆ ಸಿಕ್ಕಿತು. ಆ ನೆಲೆಯಲ್ಲಿರುವ ಜೀನುಗಳಲ್ಲಿ ಅವರು ಬೆರಳಿಟ್ಟು ತೋರಿಸುವುದು 'ಸ್ಪಿಂಟ್1' ಎಂಬುದನ್ನು. ಪ್ರೋಟೀನು ಕತ್ತರಿಸುವ ಕೆಲವು ಕಿಣ್ವಗಳಿಗೆ ಲಗಾಮು ಹಾಕುವ ಪ್ರೋಟೀನನ್ನು ಈ ಜೀನು ತಯಾರಿಸುತ್ತದೆ. ಇಲಿಯಲ್ಲೂ ಜೀಬ್ರಾಮೀನಿನಲ್ಲೂ ಇದು ಕೆಟ್ಟರೆ ಹೊದಿಕೆ ಅಂಗಾಂಶದ ಕೋಶಗಳು ಮಿತಿಮೀರಿ ಬೆಳೆಯುತ್ತವೆ. ಮನುಷ್ಯನ ಚರ್ಮದ ಮೆಲನೋಮ ಎಂಬ ಏಡಿಗಂತಿಯಲ್ಲೂ ಇದರ ಹೆಸರು ಕೇಳಿಬರುತ್ತದೆ. ಜೀನುನಕ್ಷೆಯ ಸೌಲಭ್ಯ ಅಷ್ಟಾಗಿ ಇಲ್ಲದ ಸರೀಸೃಪವೊಂದರಲ್ಲಿ, ಅದೂ ಹವ್ಯಾಸಿಯೊಬ್ಬರ ಸಾಕಣೆಯ ದಾಖಲೆಗಳನ್ನು ನಂಬಿ ಇಷ್ಟು ದೂರ ಬಂದದ್ದು ದೊಡ್ಡ ಸಾಧನೆ. ಅದಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಲೇಖಕರ ಮಾತಿನ ಹಿಡಿತ. 'ಬಲವಾದ ಅಭ್ಯರ್ಥಿ' ಎನ್ನುತ್ತಾರೆಯೇ ಹೊರತು 'ಅಪರಾಧಿ' ಎನ್ನುವುದಿಲ್ಲ.

ಆ ಹಿಡಿತ ಬೇಕಾದದ್ದೇ. ಎಲ್ಲ ಲೆಮನ್ ಫ್ರಾಸ್ಟ್‌ಗಳೂ ಒಂದೇ ಗಂಡಿನ ವಂಶ. ಅದರ ವರ್ಣತಂತುವಿನ ಒಂದು ತುಂಡು ಅಕ್ಕಪಕ್ಕದ ಜೀನುಗಳೊಡನೆ ಇಡಿಯಾಗಿ ಎಲ್ಲರಿಗೂ ಹೋಗಿದೆ. ಅದರಲ್ಲಿ ಒಂದನ್ನು ಆರಿಸುವಾಗ ಬೇರೆ ಪ್ರಾಣಿಗಳಲ್ಲಿ ಈಗಾಗಲೇ ಹೆಸರು ಮಾಡಿದ್ದೇ ಮೊದಲು ಕಣ್ಣಿಗೆ ಬೀಳುವುದು ಸಹಜ. ಜಾತ್ರೆಯ ಗುಂಪಿನಲ್ಲಿ ನಮ್ಮೂರಿನವನ ಮುಖ ಮೊದಲು ಕಂಡಂತೆ. ಬೇರೆಡೆ ಸ್ವತಂತ್ರವಾಗಿ ಇದೇ ಜೀನು ಕೆಟ್ಟ ಇನ್ನೊಂದು ಹಲ್ಲಿ ಸಿಕ್ಕಿ ಅದೂ ಬೆಳ್ಳಗಾಗಬೇಕು; ಅಥವಾ ಮಾಮೂಲು ಹಲ್ಲಿಯಲ್ಲಿ ಇದೇ ಬದಲಾವಣೆಯನ್ನು ಬೇಕೆಂದೇ ಮಾಡಿ ನೋಡಬೇಕು. ಆಗ ಸಾಕ್ಷ್ಯ ಪೂರ್ಣ.

ಸಾಕಣೆದಾರರಿಗೆ ಇದ್ದ ಪ್ರಶ್ನೆ ಇನ್ನೊಂದು: ಬಿಳುಪನ್ನು ಉಳಿಸಿಕೊಂಡು ಗಂತಿಯನ್ನು ಬಿಡಿಸಬಹುದೇ? ಬಿಳುಪಿಗೊಂದು, ಗಂತಿಗೊಂದು ಎಂದು ಎರಡು ಜೀನುಗಳು ಅಕ್ಕಪಕ್ಕದಲ್ಲಿದ್ದರೆ ಬಿಡಿಸಬಹುದು. ಯಾವುದಾದರೂ ಮರಿಯಲ್ಲಿ ಅವು ಬೇರ್ಪಡುತ್ತವೆ. ನೂರು ಮರಿಗಳಲ್ಲಿ ಒಂದೂ ಬೇರ್ಪಡದಿದ್ದರೆ, ಬೇರ್ಪಡುವ ಸಾಧ್ಯತೆ ಮರಿಯೊಂದಕ್ಕೆ ಸುಮಾರು 3 ಶೇಕಡಕ್ಕಿಂತ ಹೆಚ್ಚಿರಲಾರದು ಎಂದಷ್ಟೇ 95 ಶೇಕಡ ಭರವಸೆಯಿಂದ ಹೇಳಬಹುದು, ಸೊನ್ನೆ ಎನ್ನುವಂತಿಲ್ಲ. ಆದರೆ ಒಂದೇ ಜೀನು ಎರಡನ್ನೂ ಮಾಡುತ್ತಿದ್ದರೆ ಲಕ್ಷ ಮರಿಗಳಾದರೂ ಬಿಡಿಸಲಾಗದು. ಗಂತಿಯೂ ಬಿಳುಪೂ ಒಂದೇ ಜಾತಿಯ ಕೋಶದ ಅತಿಬೆಳವಣಿಗೆ ಎಂಬ ಸಂಗತಿ ಎರಡನೆಯದರ ಕಡೆಗೇ ವಾಲುತ್ತದೆ. ಹಾಗಿದ್ದಲ್ಲಿ 'ಲೆಮನ್ ಫ್ರಾಸ್ಟ್ ಅರೆಪ್ರಬಲ' ಎಂಬ ಮಾತೂ ಅರ್ಧ ಸತ್ಯ. ಬಣ್ಣಕ್ಕೆ ಅದು ಅರೆಪ್ರಬಲ. ಗಂತಿಗಾದರೋ ಒಂದೇ ಪ್ರತಿ ಬಹುಮಟ್ಟಿಗೆ ಸಾಕು. ಪ್ರಾಬಲ್ಯ ಜೀನಿನ ಗುಣವಲ್ಲ, ಜೀನಿಗೂ ನಾವು ನೋಡಲು ಆರಿಸಿಕೊಂಡ ಲಕ್ಷಣಕ್ಕೂ ಇರುವ ಸಂಬಂಧ. ಕುಡುಗೋಲು ಕಣದ ಜೀನೂ ಹೀಗೆಯೇ: ರೋಗ ತರಲು ಎರಡು ಪ್ರತಿ ಬೇಕು, ಮಲೇರಿಯದಿಂದ ರಕ್ಷಣೆ ಕೊಡಲು ಒಂದು ಸಾಕು.

'ಹೊಸ ರಕ್ತ ಬೆರೆಸಿದರೆ ಸರಿಹೋಗುತ್ತದೆ' ಎಂಬ ನಂಬಿಕೆ ಸಾಕಣೆದಾರರಲ್ಲಿ ಬಲವಾಗಿದೆ. ಒಳಸಂತಾನದಿಂದ ಬಂದ ಎಷ್ಟೋ ದೋಷಗಳಿಗೆ ಅದು ಒಳ್ಳೆಯ ಮದ್ದೇ. ಆದರೆ ಒಂದೇ ಪ್ರತಿಯಿಂದ ಕೆಡುಕು ಮಾಡುವ ಜೀನಿಗೆ ಹೊರಗಿನ ರಕ್ತದಿಂದ ಆಗುವುದೇನು? ಅರ್ಧ ಮರಿಗಳಿಗೆ ಅದು ಹಾಗೇ ದಾಟುತ್ತದೆ. ಹೊರಗಿನ ರಕ್ತವೇ ಕೆಡುಕು ತಂದ ಉದಾಹರಣೆಯೂ ಇದೆ. ಮೀನುತೊಟ್ಟಿ ಇಟ್ಟವರಿಗೆಲ್ಲ ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್ ಮೀನುಗಳು ಪರಿಚಿತ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಮೈರನ್ ಗಾರ್ಡನ್, ಜರ್ಮನಿಯ ಕರ್ಟ್ ಕೋಸ್ವಿಗ್ ಇಬ್ಬರೂ ಕಂಡದ್ದು ಇದು: ಕಪ್ಪು ಚುಕ್ಕೆಯ ಆರೋಗ್ಯವಂತ ಪ್ಲಾಟಿಯನ್ನು ಆರೋಗ್ಯವಂತ ಸ್ವೋರ್ಡ್‌ಟೇಲ್‌ನೊಡನೆ ಕೂಡಿಸಿದರೆ ಮರಿಗಳಲ್ಲಿ ಚುಕ್ಕೆ ಹಿಗ್ಗುತ್ತದೆ. ಆ ಮರಿಗಳನ್ನು ಮತ್ತೆ ಸ್ವೋರ್ಡ್‌ಟೇಲ್‌ಗೆ ಕೂಡಿಸಿದರೆ ನಾಲ್ಕರಲ್ಲಿ ಒಂದರಷ್ಟಕ್ಕೆ ಮಾರಕ ಮೆಲನೋಮ. ಪ್ಲಾಟಿಯಲ್ಲಿ ಗಂತಿಯ ಜೀನೂ ಇದೆ, ಅದನ್ನು ಹತೋಟಿಯಲ್ಲಿಡುವ ಇನ್ನೊಂದು ಜೀನೂ ಇದೆ. ಸಂಕರಣ ಇವೆರಡನ್ನು ಅಗಲಿಸಿತು. ಗಂತಿಯ ಆ ಜೀನನ್ನು 1989ರಲ್ಲಿ ಗುರುತಿಸಲಾಯಿತು.

ಇನ್ನು '80 ಶೇಕಡ' ಎಂಬ ಅಂಕಿ. ಇದನ್ನು ಓದಿದವನು ಉಳಿದ 20 ಹಲ್ಲಿಗಳು ಪಾರಾದವೆಂದು ತಿಳಿಯುತ್ತಾನೆ. ಅಂಥವನ್ನು ಆರಿಸಿ ತಳಿ ಬೆಳೆಸಿದರಾಯಿತು ಎನ್ನುತ್ತಾನೆ. ಐದು ವರ್ಷದವರೆಗೂ ಬರಬಹುದಾದ ರೋಗದಲ್ಲಿ, ಎರಡು ವರ್ಷದ ಆರೋಗ್ಯವಂತ ಹಲ್ಲಿಯನ್ನು ಪಾರಾದವರ ಪಟ್ಟಿಗೆ ಸೇರಿಸುವಂತಿಲ್ಲ. ಅದರ ಪರೀಕ್ಷೆ ಇನ್ನೂ ನಡೆಯುತ್ತಿದೆ. ವಯಸ್ಸು ಹೇಳದ ಶೇಕಡ, ಕಾಲ ಹೇಳದ ವೇಗದಂತೆ. ಒಂದು ವರ್ಷಕ್ಕೆ ಮರಿ ಮಾಡುವ ಪ್ರಾಣಿ, ಎರಡು ತಿಂಗಳಿಗೇ ಮಾರಾಟ, ಮೂರನೆಯ ವರ್ಷಕ್ಕೆ ಗಂತಿ. ಗಂತಿ ಕಾಣುವ ಹೊತ್ತಿಗೆ ಮೊಮ್ಮಕ್ಕಳೂ ಮಾರಾಟವಾಗಿರುತ್ತವೆ. ಮನುಷ್ಯರಲ್ಲಿ ಹಂಟಿಂಗ್ಟನ್ ರೋಗ ತಲೆಮಾರುಗಳನ್ನು ದಾಟಿ ಉಳಿದಿರುವುದೂ ಇದೇ ಉಪಾಯದಿಂದ. 'ಎನಿಗ್ಮ' ಎಂಬ ಇನ್ನೊಂದು ತಳಿಯ ಚಿರತೆ ಹಲ್ಲಿಗಳು ತಲೆ ಓರೆ ಮಾಡಿಕೊಂಡು ಗಿರಕಿ ಹೊಡೆಯುತ್ತವೆ, ಎದುರಿಗಿರುವ ಹುಳುವನ್ನು ಹಿಡಿಯಲಾರದೆ ಪರದಾಡುತ್ತವೆ. ಆ ಗುಣವೂ ಪ್ರಬಲವಾಗಿ ಸಾಗುತ್ತದೆ. ಅಲ್ಲೂ ಮಾರಾಟಕ್ಕೆ ಹಚ್ಚುವುದು ಬಣ್ಣದ ಹೆಸರನ್ನೇ.

ಪನೆಟ್‌ನ ಚೌಕದಲ್ಲಿ ಅಡ್ಡಸಾಲಿಗೆ ತಂದೆ, ಕಂಬಸಾಲಿಗೆ ತಾಯಿ. ಮೊಟ್ಟೆಯ ಶಾಖಕ್ಕೆ, ಮರಿಯ ವಯಸ್ಸಿಗೆ ಅಲ್ಲಿ ಮನೆಯಿಲ್ಲ. ಲೆಮನ್ ಫ್ರಾಸ್ಟ್ ಕುರಿತ ಮುಂದಿನ ಅಧ್ಯಯನವನ್ನು ಯಾರಾದರೂ ಕೈಗೊಂಡರೆ ನಾನು ಮೊದಲು ತಿರುವಿ ನೋಡುವ ಕೋಷ್ಟಕ ಇದು: ಪ್ರತಿ ಹಲ್ಲಿಗೂ ಮೊಟ್ಟೆ ಕಾಯಿಸಿದ ಉಷ್ಣತೆ, ಮೊದಲ ಗಂತಿ ಕಂಡ ತಿಂಗಳು, ಕಾಣದಿದ್ದರೆ ಕೊನೆಯ ಸಲ ಪರೀಕ್ಷಿಸಿದಾಗ ಅದಕ್ಕೆ ಎಷ್ಟು ವಯಸ್ಸಾಗಿತ್ತು ಎಂಬುದು. ಸಾಕಣೆದಾರರ ಟಿಪ್ಪಣಿ ಪುಸ್ತಕಗಳಲ್ಲಿ ಮೊದಲನೆಯದು ಹೇಗೂ ಇರುತ್ತದೆ, ಮೊಟ್ಟೆಪೆಟ್ಟಿಗೆಯ ಮುಳ್ಳನ್ನು ಅವರು ದಿನವೂ ನೋಡುತ್ತಾರೆ. ಉಳಿದೆರಡನ್ನು ಬರೆಯಬೇಕಾದವರು ಹಲ್ಲಿಯನ್ನು ಕೊಂಡುಹೋದವರು.